ಕರೆಯದೆ ಬರುವ ಹತ್ತು ಗಂಟೆಯ ಚಹಾ

ನಮ್ಮ ಬರ್ನಿ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೋಲ್ಸ್ ಕ್ಲಬ್ಬಿನಲ್ಲಿ, ಮರ್ವ್ ಟಾಲಿಯ ಸಲಹೆಯಿಂದ ತಪ್ಪಿಸಿಕೊಂಡವರಿಲ್ಲ. ಮಂಡಿನೋವಿಗೆ ಏನು ಹಚ್ಚಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಎಲ್ಲವನ್ನೂ ಕೇಳದೆಯೇ ಹೇಳುವವನು ಅವನು. ಅತಿ ಹೆಚ್ಚು ಕೇಳಿಸಿಕೊಂಡವನು ಪಕ್ಕದ ಮನೆಯ ಲಿಂಡ್ಸೆ. ದಿನವೂ ಹತ್ತು ಗಂಟೆಗೆ ಬೇಲಿಯ ಗೇಟು ಕಿರ್ರೆನ್ನಿಸಿಕೊಂಡು ಬಂದು, ಮರ್ವ್‌ನ ಶೆಡ್ಡಿನಲ್ಲಿ ಚಹಾದ ಜೊತೆಗೆ ಉಪದೇಶವನ್ನೂ ಕುಡಿದು ಹೋಗುತ್ತಿದ್ದ. ಯಾರೂ ಕರೆದದ್ದಲ್ಲ. ನಮ್ಮ ಗಂಡಸರು ಒಬ್ಬರನ್ನೊಬ್ಬರು ಚಹಾಕ್ಕೆ ಕರೆಯುವವರಲ್ಲ. ಕೆಟಲ್ ಕುದಿಯುತ್ತದೆ, ಬಂದವರು ಬರುತ್ತಾರೆ.

ಈಚೆಗೆ ಲಿಂಡ್ಸೆಯ ಫೋನಿಗೆ ಎಐ ಸಹಾಯಕವೊಂದು ಬಂತು. ಅದು ಹೇಳಿತೆಂದು ಮಾಂಸದ ಪೈ ಬಿಟ್ಟ, ಓಟ್ಸ್ ಹಿಡಿದ, ಬೇಗ ಮಲಗಿದ.

"ಇದನ್ನೇ ಅಲ್ವಾ ನಾನು ವರ್ಷಗಟ್ಟಲೆ ಬಡ್ಕೊಂಡಿದ್ದು!" ಎಂದು ಮರ್ವ್ ನನ್ನೆದುರು ಕುದಿದ. "ಆ ಡಬ್ಬಿ ಹೇಳಿದ ತಕ್ಷಣ ಕೇಳ್ಬಿಟ್ಟ, ನೋಡು."

ಆಮೇಲೆ ಒಂದು ಸೋಮವಾರ ಗೇಟು ಕಿರ್ರೆನ್ನಲಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ಲಿಂಡ್ಸೆ ಈಜುಕೊಳದ ಕಡೆ ಹೋಗುವುದನ್ನು ಮರ್ವ್ ಕಿಟಕಿಯಿಂದ ನೋಡಿದ. ವಾರವಿಡೀ ಅದೇ. ಎರಡು ಮಗ್ ತೆಗೆದಿಡುವುದು, ಒಂದನ್ನು ವಾಪಸ್ ನೇತುಹಾಕುವುದು. ಲಿಂಡ್ಸೆಯ ಹೊಟ್ಟೆ ಇಳಿದಿದೆ ಎಂದು ಕ್ಲಬ್ಬಿನಲ್ಲಿ ಎಲ್ಲರೂ ಮೆಚ್ಚಿದರೆ, "ಏನೋ ಕಾಯಿಲೆ ಇರ್ಬೇಕು" ಎಂದ ಮರ್ವ್.

ಶನಿವಾರ ಆಟದ ನಡುವೆ ಮರ್ವ್‌ಗೆ ತಡೆಯಲಾಗಲಿಲ್ಲ. "ನಿನ್ನ ಹೊಸ ಗೆಳೆಯನಿಗೆ ಚಹಾ ಮಾಡೋಕೆ ಬರುತ್ತಾ?"

"ಯಾರಿಗೆ?"

"ಜೇಬಲ್ಲಿ ಕೂತಿದೆಯಲ್ಲ, ಅದಕ್ಕೆ."

ಲಿಂಡ್ಸೆ ತಲೆ ಕೆರೆದುಕೊಂಡ. "ಹತ್ತು ಗಂಟೆಗೆ ಯಾರಾದ್ರೂ ಕರೆದಿದ್ದಾರಾ ಅಂತ ಅದು ಕೇಳ್ತು. ಇಲ್ಲ ಅಂದೆ. ಹಾಗಾದ್ರೆ ಈಜೋಕೆ ಹೋಗಿ ಅಂತು."

"ಇಲ್ಲ ಅಂದ್ಯಾ?"

"ನೀನು ಯಾವತ್ತು ಕರೆದಿದ್ದೀಯ ಮಾರಾಯ? ಇಷ್ಟು ದಿನ ಬರ್ಲಿಲ್ಲ, ಯಾಕೋ ಅಂತ ಒಂದು ಮಾತು ಕೇಳಿದ್ಯಾ? ನಿಂಗೂ ನನ್ನ ಕಾಟ ತಪ್ಪಿತು ಅನ್ಕೊಂಡೆ."

ಮರ್ವ್ ಚೆಂಡನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಉರುಳಿಸಿದಾಗ ಅದು ನೇರ ಅಂಗಳದ ಅಂಚಿನ ಚರಂಡಿಗೆ ಹೋಗಿ ಬಿತ್ತು.

"ಸೋಮವಾರ ಹತ್ತಕ್ಕೆ ಚಹಾ," ಎಂದ, ಚರಂಡಿಯನ್ನೇ ನೋಡುತ್ತ. "ಕರೆದಿದ್ದೀನಿ ಅಂತ ಹೇಳು ಅದಕ್ಕೆ."

ಲಿಂಡ್ಸೆ ಫೋನಿಗೆ ಹೇಳಿದ. ಈಜನ್ನು ಒಂಬತ್ತಕ್ಕೆ ಹಾಕಲೇ ಎಂದು ಫೋನು ಕೇಳಿತು.

"ಒಂಬತ್ತು ಬೇಡ," ಮರ್ವ್ ಫೋನಿನ ಕಡೆ ಬಾಗಿದ. "ಆಗ ಶಾಲೆ ಮಕ್ಕಳ ಗಲಾಟೆ. ಎಂಟಕ್ಕೆ ಹಾಕು. ಮೊದ್ಲು ಒಂದು ಬಾಳೆಹಣ್ಣು ತಿನ್ನಕ್ಕೆ ಹೇಳು."

ಒಳ್ಳೆಯ ಸಲಹೆ, ಹಾಗೇ ಮಾಡೋಣ ಎಂದಿತು ಫೋನು.

ಮರ್ವ್ ನನ್ನತ್ತ ತಿರುಗಿದ. "ಪರವಾಗಿಲ್ಲ ಕಣಯ್ಯ. ಇವನಿಗಿಂತ ಬುದ್ಧಿ ಇದೆ. ಹೇಳಿದ್ದು ಕೇಳುತ್ತೆ."