ಬರಬೇಕಿದ್ದ ಕೋವಿ

ಎರಡು ವರ್ಷಗಳ ಹಿಂದಿನ ನವೆಂಬರ್. ನಾನಾಗ ಸ್ವೀಡನ್ನಿನ ವೆಸ್ಟೆರಾಸ್ ನಗರದ ಒಂದು ಆರೋಗ್ಯ ಕೇಂದ್ರದಲ್ಲಿ ಫ್ಯಾಮಿಲಿ ಮೆಡಿಸಿನ್ ತರಬೇತಿಯಲ್ಲಿದ್ದ ವೈದ್ಯೆ. ಈ ಬರಹದಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಬರೆಯುವ ಮೊದಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಬೋಪಯ್ಯ ನಿದ್ರೆ ಬರುತ್ತಿಲ್ಲವೆಂದು ಬಂದರು. ಐವತ್ತರ ಸಮೀಪದ ಎಂಜಿನಿಯರ್, ಟ್ರಾನ್ಸ್‌ಫಾರ್ಮರ್ ಪರೀಕ್ಷಾ ವಿಭಾಗದಲ್ಲಿ ಕೆಲಸ. ಸ್ವೀಡಿಷ್‌ನಲ್ಲಿ ಮಾತು ಶುರುಮಾಡಿ, ಬಾಗಿಲ ಮೇಲಿನ ನನ್ನ ಹೆಸರು ನೋಡಿದ್ದೇನೆಂದು ಹೇಳಿ ಕನ್ನಡಕ್ಕೆ ಬಂದರು. ಬೇಸಿಗೆಯ ಕೊನೆಯಲ್ಲಿ ಮನೆಗೆ ಕಳ್ಳರು ನುಗ್ಗಿದ್ದರು. ಹಿತ್ತಲ ಗಾಜಿನ ಬಾಗಿಲು ಒಡೆದು ಲ್ಯಾಪ್‌ಟಾಪ್ ಮತ್ತು ಅವರ ಹೆಂಡತಿ ದೇಚಮ್ಮ ಮದುವೆಯಲ್ಲಿ ತೊಟ್ಟಿದ್ದ ಪತ್ತಾಕ್ ಎಂಬ ಚಿನ್ನದ ಸರ ಒಯ್ದಿದ್ದರು. ಕೊಡವ ಹೆಣ್ಣುಮಕ್ಕಳಿಗೆ ಪತ್ತಾಕ್ ಎಂದರೆ ಬರೀ ಒಡವೆಯಲ್ಲ. ಅಂದಿನಿಂದ ಬೋಪಯ್ಯ ಸಣ್ಣ ಸದ್ದಾದರೂ ಎದ್ದು ಕೂರುತ್ತಿದ್ದರು.

ಮಾತ್ರೆಯ ವಿಷಯ ಬಂದಾಗ ಕೇಳಿದರು: "ಇದು ತಗೊಂಡ್ರೆ ಲೈಸೆನ್ಸಿಗೆ ತೊಂದ್ರೆ ಆಗುತ್ತಾ ಡಾಕ್ಟ್ರೇ?"

"ಕಾರ್ ಲೈಸೆನ್ಸಾ?"

"ಕಾರಲ್ಲ, ಕೋವಿದು." ಎಂದು ಮೊದಲ ಬಾರಿ ನಕ್ಕರು. "ಮಾತಲ್ಲೇ ಗೊತ್ತಾಗುತ್ತೆ, ನೀವು ಮೈಸೂರಿನವ್ರು. ನಿಮಗೆ ಬಂದೂಕು ಅಂದ್ರೆ ದಸರಾ ಫಿರಂಗಿ, ಅಷ್ಟೇ. ನಮ್ಮ ಕೊಡವರಲ್ಲಿ ಹುಟ್ಟಿದ್ರೂ ಕೋವಿ, ಸತ್ತರೂ ಕೋವಿ. ಕೋವಿ ಇಲ್ದಿರೋ ಮನೆ ಮನೆನೇ ಅಲ್ಲ."

ಮನೆ ಕಾಯಲು ಶಾಟ್‌ಗನ್ನೋ ರೈಫಲ್ಲೋ ಎಂದು ತಿಂಗಳುಗಟ್ಟಲೆ ಯೋಚಿಸಿದ್ದರು. ಅವರದು ಸಾಲುಮನೆ. ರೈಫಲ್ ಗುಂಡು ಜಿಪ್ಸಮ್ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ, ಆದ್ದರಿಂದ ಶಾಟ್‌ಗನ್ನೇ ಸರಿ ಎಂದು, ಗೋಡೆಗೆ ಬಣ್ಣ ಆರಿಸುವವರ ಹಾಗೆ ವಿವರಿಸಿದರು. ಸ್ವೀಡನ್ನಿನಲ್ಲಿ ಮನೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಕೊಡುವುದಿಲ್ಲ. ಹೆಚ್ಚಿನವರು ಬೇಟೆಗೆ, ಇಲ್ಲವೇ ಗುರಿ ಹೊಡೆಯುವ ಕ್ರೀಡೆಗೆ ಪಡೆಯುತ್ತಾರೆ. ಇವರು ಬೇಟೆಗಾರರ ಪರೀಕ್ಷೆ ಪಾಸು ಮಾಡಿ, ಬೇಟೆಗೆಂದೇ ಅರ್ಜಿ ಹಾಕಿದ್ದರು.

"ಟೆಸ್ಟಲ್ಲಿ ಒಂದೂ ತಪ್ಲಿಲ್ಲ," ಎಂದರು. "ಗುರಿ ತಪ್ಪೋದು ನಮ್ಮ ರಕ್ತದಲ್ಲೇ ಇಲ್ಲ."

"ಕಾನೂನು ಪ್ರಕಾರ ಅದನ್ನ ಉಕ್ಕಿನ ಕಪಾಟಲ್ಲಿ ಬೀಗ ಹಾಕಿಡಬೇಕಲ್ವಾ ಸರ್?"

"ಬೀಗ ಹಾಕಿಟ್ಟ ಕೋವಿ ಯಾವ ಕಳ್ಳನಿಗೆ ಡಾಕ್ಟ್ರೇ?"

ಇಲ್ಲಿ ಒಂದು ನಿಯಮ ಹೇಳಬೇಕು. ಆರೋಗ್ಯದ ಕಾರಣಕ್ಕೆ ರೋಗಿಯ ಕೈಯಲ್ಲಿ ಬಂದೂಕು ಇರುವುದು ಸೂಕ್ತವಲ್ಲ ಎಂದು ಕಂಡರೆ ವೈದ್ಯರು ಪೊಲೀಸರಿಗೆ ತಿಳಿಸಬೇಕು. ಅದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ನಿದ್ರೆ ಕೆಟ್ಟ ಮಾತ್ರಕ್ಕೆ ಯಾರೂ ಹಾಗೆ ಬರೆಯುವುದಿಲ್ಲ. ನಿಯಮದ ಬಗ್ಗೆ ಅವರಿಗೆ ಹೇಳಿದೆ. ಮನಃಶಾಸ್ತ್ರಜ್ಞರ ಬಳಿ ಸಮಯ ಗೊತ್ತುಮಾಡಿ, ಬೇಗನೆ ಮತ್ತೆ ಬರಲು ತಿಳಿಸಿದೆ. ಅವರು ಬರುವ ಮೊದಲೇ ಮಗಳು ಬಂದಳು.

ನೀಲಾಗೆ ಹದಿನೇಳು ವರ್ಷ. ಎಡ ಮುಂಗೈ ಊದಿತ್ತು. ಜೊತೆಗಿದ್ದ ದೇಚಮ್ಮ, "ಐಸ್ ಮೇಲೆ ಜಾರಿ ಬಿದ್ಲು ಡಾಕ್ಟ್ರೇ, ನೋಡ್ಕೊಂಡು ನಡಿ ಅಂದ್ರೆ ಕೇಳಲ್ಲ," ಎಂದರು. ಆ ವಾರವಿಡೀ ಮಳೆ. ಊರಲ್ಲಿ ಎಲ್ಲೂ ಐಸ್ ಇರಲಿಲ್ಲ. ಬಿದ್ದವರು ಅಂಗೈ ಊರುತ್ತಾರೆ, ಮಣಿಕಟ್ಟಿನ ಬಳಿ ಪೆಟ್ಟಾಗುತ್ತದೆ. ನೀಲಾಳ ಪೆಟ್ಟು ಮುಂಗೈಯ ನಡುವೆ, ಕಿರುಬೆರಳ ಕಡೆಯ ಮೂಳೆಯ ಮೇಲಿತ್ತು. ಮುಖಕ್ಕೆ ಬರುವ ಏಟನ್ನು ತಡೆಯಲು ಕೈ ಎತ್ತಿದಾಗ ಆಗುವ ಪೆಟ್ಟು ಅದು.

ತಾಯಿಯನ್ನು ಹೊರಗೆ ಕೂರಲು ಕೇಳಿಕೊಂಡೆ.  ನೀಲಾ ನಡೆದದ್ದನ್ನು ಸ್ವೀಡಿಷ್‌ನಲ್ಲಿ ಹೇಳಿದಳು. ನವೆಂಬರಿನಲ್ಲಿ ಇಲ್ಲಿ ಮೂರೂವರೆಗೆಲ್ಲ ಕತ್ತಲು. ಶಾಲೆಯಿಂದ ಬರುವಾಗ ಅವಳ ಬಳಿ ಕೀ ಇರಲಿಲ್ಲ. ಹೊರಗೆ ಪಪ್ಪನ ಕಾರು ಕಂಡು, ಬೆಲ್ ಮಾಡಿದರೆ ಅವರು ಬೆಚ್ಚಿಬೀಳುತ್ತಾರೆಂದು ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಒಳಗೆ ಬಂದಿದ್ದಳು. ಪಪ್ಪ ಆ ದಿನ ಆಫೀಸಿನಿಂದ ಬೇಗ ಬಂದು, ದೀಪ ಹಾಕದೆ, ಐಸ್ ಒಡೆಯುವ ಸಲಾಕೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು.

"ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಪಪ್ಪ ಯಾರು ಅಂತ ಕೂಗಿದ್ದು ಕೇಳಿಸ್ಲಿಲ್ಲ," ಎಂದಳು. "ಹೊಡೆದ ಮೇಲೆ ಅವರೇ ನೆಲದ ಮೇಲೆ ಕೂತು ಅತ್ತರು. ಪೊಲೀಸರಿಗೆ ಹೇಳ್ಬೇಡಿ, ಪ್ಲೀಸ್. ಅವರು ಕೆಟ್ಟವರಲ್ಲ."

"ಕೆಟ್ಟವರಲ್ಲ ಅಂತ ನನಗೂ ಗೊತ್ತು. ಮನೆಗೆ ಬಂದೂಕು ಬಂತಾ?"

"ಪರ್ಮಿಟ್ ಬಂದಿದೆ. ಶನಿವಾರ ತರ್ತಾರೆ."

ಅಂದು ಗುರುವಾರ. ಅವಳನ್ನು ಎಕ್ಸ್‌ರೇಗೆ ಕಳಿಸಿದೆ, ಮೂಳೆ ಬಿರುಕು ಬಿಟ್ಟಿತ್ತು. ಹದಿನೆಂಟು ತುಂಬದವರ ವಿಷಯವಾದ್ದರಿಂದ ಕೊಮ್ಮೂನ್‌ನ, ಅಂದರೆ ನಗರಾಡಳಿತದ, ಸಮಾಜ ಸೇವಾ ವಿಭಾಗಕ್ಕೂ ತಿಳಿಸಲೇಬೇಕಿತ್ತು, ತಿಳಿಸಿದೆ. ನನ್ನ ತರಬೇತಿ ನೋಡಿಕೊಳ್ಳುತ್ತಿದ್ದ ಹಿರಿಯ ವೈದ್ಯೆಯೊಂದಿಗೆ ಮಾತಾಡಿದ ಮೇಲೆ ಪೊಲೀಸರಿಗೆ ಕಳಿಸುವ ವರದಿ ಬರೆದೆ. ಕಳಿಸುವ ಮೊದಲು ಬೋಪಯ್ಯನವರಿಗೆ ಫೋನ್ ಮಾಡಿದೆ. ಅವರು ಬೇರೆಯವರ ಬಾಯಿಂದ ಕೇಳಬಾರದು ಎನಿಸಿತ್ತು.

ನನ್ನ ಮಾತು ಮುಗಿಯುವವರೆಗೂ ಕೇಳಿದರು. ಆಮೇಲೆ, "ನಮ್ಮ ಕೋವಿಯನ್ನ ಬ್ರಿಟಿಷ್ರೂ ಕಿತ್ಕೊಳ್ಲಿಲ್ಲ. ಕನ್ನಡದವ್ರು, ನೀವು ಕಿತ್ಕೊಳ್ತಿದ್ದೀರಿ," ಎಂದರು.

"ಸರ್, ಆವತ್ತು ಕೈಯಲ್ಲಿ ಸಲಾಕೆ ಬದ್ಲು ಅದೇ ಇದ್ದಿದ್ರೆ?"

  

"ನಂಗೆ ಗುರಿ ತಪ್ಪಲ್ಲ ಡಾಕ್ಟ್ರೇ," ಎಂದರು, ಬಹಳ ಮೆಲ್ಲಗೆ. ನನಗಲ್ಲ, ತಮಗೇ ಹೇಳಿಕೊಂಡ ಹಾಗಿತ್ತು.

ವರದಿ ಹೋಯಿತು. ಪರವಾನಗಿ ರದ್ದಾಯಿತು. ಸಮಾಜ ಸೇವೆಯವರು ಹಲವು ಸಲ ಮನೆಗೆ ಬಂದು ವಿಚಾರಿಸಿದರು, ನೀಲಾ ಮನೆಯಲ್ಲೇ ಉಳಿದಳು. ಬೋಪಯ್ಯ ಚಿಕಿತ್ಸೆಗೆ ಒಪ್ಪಿದರು, ಆದರೆ ಬೇರೆ ವೈದ್ಯರ ಬಳಿ. ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿದ್ದಾಗ ದೇಚಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು ಸಾಲಾಗಿ ಎಲ್ಲರಿಗೂ ಕೊಡುತ್ತ ಬಂದರು. ನನ್ನ ಮುಂದೆ ಬಂದಾಗ ಪಕ್ಕದವರೊಡನೆ ಮಾತು ತೆಗೆದು ಹಾಗೇ ಮುಂದೆ ಹೋದರು.  ಯಾಕೆಂದು ಕೇಳಿದವರಿಗೆ, ರೋಗಿಯ ವಿಷಯವಾದ್ದರಿಂದ, ಹೇಳುವ ಹಾಗಿರಲಿಲ್ಲ. ಮುಂದಿನ ಕೂಟಗಳಿಗೆ ಹೋಗುವುದನ್ನು ಬಿಟ್ಟೆ.

 ಮನೆ ಕಾಯಲು ಯಾವ ಬಂದೂಕು ಒಳ್ಳೆಯದು ಎಂಬ ಪ್ರಶ್ನೆ ಯಾರಾದರೂ ತಂದರೆ, ಆ ಬಾಗಿಲಿನಿಂದ ದಿನವೂ ಒಳಗೆ ಬರುವವರು ಯಾರು ಯಾರು ಎಂದು ಮೊದಲು ಕೇಳಬೇಕೆಂದು ಈ ಕೆಲಸ ಕಲಿಸಿತು. ಕಳ್ಳ ಬರುವುದು ಒಂದು ಸಲ. ಉಳಿದ ಸಲವೆಲ್ಲ ಬರುವವರು ಮನೆಯವರೇ.

ವಸಂತದಲ್ಲಿ ನೀಲಾ ಕೈ ತೋರಿಸಲು ಒಬ್ಬಳೇ ಬಂದಳು. ಮೂಳೆ ಚೆನ್ನಾಗಿ ಕೂಡಿತ್ತು. ಅವಳು ಹೋದ ಮೇಲೂ ನೆನಪಿನಲ್ಲಿ ಉಳಿದದ್ದು ಬೇರೆ. ನಾನು ಹೆಸರು ಕರೆದಿದ್ದೆ, ಬಾಗಿಲು ಅರ್ಧ ತೆರೆದೇ ಇತ್ತು. ಆದರೂ ಅವಳು ಹೊರಗೇ ನಿಂತಳು. ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದಳು. ನನ್ನೊಡನೆ ಅದುವರೆಗೆ ಒಂದು ಪದವನ್ನೂ ಕನ್ನಡದಲ್ಲಿ ಆಡದಿದ್ದ ಹುಡುಗಿ ಜೋರಾಗಿ, ಸ್ಪಷ್ಟವಾಗಿ ಕೂಗಿದಳು:

"ನಾನು, ನೀಲಾ. ಒಳಗೆ ಬರ್ತಿದ್ದೀನಿ."