ಬಂಡೆಪ್ಪ ಮಾಸ್ತರರು ಕೊಯ್ದ ಅಡ್ಡಪಟ್ಟಿ

ಬಂಡೆಪ್ಪ ಮಾಸ್ತರರಿಗೂ ಉತ್ತಮ ಮಾಸ್ತರರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಬೆಳಗಾವಿಯ ಒಂದು ತಾಂತ್ರಿಕ ಪ್ರೌಢಶಾಲೆಯಲ್ಲಿ, ಒಂದೇ ಶೆಡ್ಡಿನೊಳಗೆ ಇಬ್ಬರೂ ಹುಡುಗರಿಗೆ ಕೈಕೆಲಸ ಕಲಿಸುತ್ತಿದ್ದರು. ಬಲಕ್ಕೆ ಬಂಡೆಪ್ಪನವರ ಇಂಜಿನ್ ವಿಭಾಗ, ಎಡಕ್ಕೆ ಉತ್ತಮರ ಬಡಿಗತನದ ವಿಭಾಗ, ನಡುವೆ ಎದೆಮಟ್ಟದ ಗೋಡೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆದರೂ ಹೇಳಬೇಕಾದದ್ದನ್ನೆಲ್ಲ ಹುಡುಗರ ಮೂಲಕವೇ ಹೇಳಿಸಬೇಕು.

“ಈರಣ್ಣ, ಆ ಬಡಿಗೇರ ಮಾಸ್ತರಿಗೆ ಹೇಳು. ಕಟ್ಟಿಗಿ ಹೊಟ್ಟು ಹಾರಿ ನಮ್ಮ ಗ್ರೀಸಿನ ಡಬ್ಬ್ಯಾಗ ಬೀಳಾಕತ್ತೈತಿ.”

ಹತ್ತನೆಯ ಇಯತ್ತೆಯ ಈರಣ್ಣ ಗೋಡೆಯ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಆಚೆಯಿಂದ ಉತ್ತರ ಬಂದಿರುತ್ತಿತ್ತು.

“ಡಬ್ಬಿಗೆ ಮುಚ್ಚಳಾ ಅಂಬೋದು ಇರತೈತಿ ಅಂತ ನಿಮ್ಮ ಲಾರಿ ಕ್ಲೀನರಿಗೆ ಹೇಳಪಾ.”

ಮೊದಲು ಆ ಶೆಡ್ಡು ಪೂರ್ತಿ ಉತ್ತಮರದಾಗಿತ್ತು. ಎಪ್ಪತ್ನಾಲ್ಕರಲ್ಲಿ ಇಂಜಿನ್ ವಿಭಾಗ ಬಂದು ಅರ್ಧ ಕಿತ್ತುಕೊಂಡಿತು. ಬಂಡೆಪ್ಪನವರು ಅಲ್ಲಿದ್ದ ಸಾಗವಾನಿ ಹಲಗೆಗಳನ್ನು ಅಂಗಳಕ್ಕೆ ಹಾಕಿಸಿದರು. ಆ ಮಳೆಗಾಲದಲ್ಲಿ ನೆನೆದು ಅವೆಲ್ಲ ಸೊಟ್ಟಗಾದವು. ಮುಂದಿನ ವರ್ಷ ಖಂಡೇಪೂಜೆಗೆ, ಅಂದರೆ ನವಮಿಯ ಆಯುಧಪೂಜೆಗೆ, ಉತ್ತಮರ ಕಡೆಯ ಹುಡುಗನೊಬ್ಬ ಪೂಜೆಗೆ ಹೂಡಿದ್ದ ಉಳಿಯನ್ನೆತ್ತಿ ಪೆನ್ಸಿಲು ಹೆರೆದುಕೊಂಡ. ಬಂಡೆಪ್ಪನವರು ಅದನ್ನು ಹೆಡ್‌ಮಾಸ್ತರರವರೆಗೆ ಒಯ್ದರು. ಹೂಡಿದ ಆಯುಧವನ್ನು ದಸರೆಯ ಬನ್ನಿ ಕೊಡುವ ತನಕ ಯಾರೂ ಮುಟ್ಟಕೂಡದೆಂದು ಇಡೀ ಶಾಲೆಯ ಮುಂದೆ ಹೇಳಿಸಿದರು. ಜೈನರಿಗೆ ಆಯುಧದ ಪೂಜೆ ಏನು ಗೊತ್ತು ಎಂದು ಉತ್ತಮರಿಗೆ ಕೇಳುವಂತೆ ಅಂದೂಬಿಟ್ಟರು. ಅಂದಿನಿಂದ ಮಾತು ನಿಂತಿತು.

ಬಂಡೆಪ್ಪನವರು ಖಾನಾಪುರದವರು. ಗುಂಜಿಯ ಅಡವಿಯಿಂದ ದಿಮ್ಮಿ ಹೇರಿಕೊಂಡು ಬರುವ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವರು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ದಿನಾ ಬೆಳಗಿನ ರೈಲಿಗೆ ಬೆಳಗಾವಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಿದ್ದರು. ಕೈ ಶುದ್ಧ, ಕೆಲಸ ಶುದ್ಧ. ಮನಸ್ಸಿನಲ್ಲಿ ಮಾತ್ರ ಒಮ್ಮೆ ಹೊಕ್ಕ ಮುಳ್ಳನ್ನು ಅವರು ತೆಗೆಯುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಜೂನಿನಲ್ಲಿ ಹೆಡ್‌ಮಾಸ್ತರರು ಅವರನ್ನು ಕರೆಸಿದರು. “ನಿಮ್ಮ ವಿಭಾಗದಿಂದ ಇವತ್ತಿನತನಕ ಒಂದು ಗಾಡಿ ಓಡಿ ಹೊರಗ ಹೋಗಿಲ್ಲ ಮಾಸ್ತರ. ಮ್ಯಾಲಿನವರು ಮುಚ್ಚರಿ ಅನ್ನಾಕತ್ತಾರ. ಮುಚ್ಚಿದ್ರ ನಿಮ್ಮನ್ನ ಬೀದರ ಕಡೆ ಒಗೀತಾರ. ಹಿಂದವಾಡಿ ಸೋನಾಬಾಯಿಯವರದೊಂದು ಹಳೇ ಕಾರ್ ಬರತೈತಿ. ಉತ್ತಮ ಮಾಸ್ತರ ಕೇಳಿದ್ದಕ್ಕ ಕೊಡಾಕ ಒಪ್ಯಾರ.”

ಕಡೆಯ ಮಾತು ಕೇಳಿ ಬಂಡೆಪ್ಪನವರು ಹೂಂ ಎಂದಷ್ಟೇ ಹೇಳಿ ಎದ್ದು ಬಂದರು.

ಸೋನಾಬಾಯಿಯವರ ಗಂಡ ಡಾಕ್ಟರರಾಗಿದ್ದರು. ಬ್ರಿಟಿಷರ ಕಾಲದ ಆ ಕಾರು ಅವರು ತೀರಿಕೊಂಡಂದಿನಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಹುಡುಗರು ಹಗ್ಗ ಕಟ್ಟಿ ಎಳೆದು ಒಯ್ಯುವಾಗ ಮುದುಕಿ ಬಾಗಿಲಲ್ಲಿ ನಿಂತು ಅಂದರು: “ದಸರಾದ ದಿವಸ ನಾ ಈ ಗಾಡ್ಯಾಗ ಕುಂತು ಬನ್ನಿ ಕೊಡಾಕ ಹೋಗಾಕಿ. ಓಡಿತು, ಗಾಡಿ ಸಾಲಿಗೆ. ಓಡಲಿಲ್ಲ, ಗುಜರಿಯವಗ ಹೇಳಿಟ್ಟೀನಿ.”

ಕಾರಿನ ತಗಡಿನ ಮೈಯೊಳಗೆ ಕಟ್ಟಿಗೆಯ ಚೌಕಟ್ಟು ಇತ್ತು. ಗೆದ್ದಲು ತಿಂದು ಅದು ಮುಟ್ಟಿದರೆ ಉದುರುತ್ತಿತ್ತು. ಇಂಜಿನ್ ಬಂಡೆಪ್ಪನವರ ಪಾಲಿಗೆ, ಚೌಕಟ್ಟು ಉತ್ತಮರ ಪಾಲಿಗೆ ಬಂತು. ಹುಡುಗರೂ ಎರಡು ಗುಂಪಾದರು. ಇಂಜಿನ್ ಹುಡುಗರು ಬಡಿಗತನದವರನ್ನು ಹೊಟ್ಟು ತಲೆಯವರೆಂದು ಕರೆದರೆ ಅವರು ಇವರನ್ನು ಕರಿ ಕೈಯವರೆನ್ನುತ್ತಿದ್ದರು. ನೀರಿನ ಕೊಡ ಸಹ ಬೇರೆಯಾಯಿತು.

ಮೊದಲು ಇಂಜಿನ್ನನ್ನು ಇಳಿಸಿದವರು ಬಂಡೆಪ್ಪನವರು. ಡ್ರೈವರನ ಕಾಲಿನ ಮುಂದೆ, ಚೌಕಟ್ಟಿಗೆ ಅಡ್ಡಲಾಗಿ ಕಟ್ಟಿಗೆಯ ಒಂದು ದಪ್ಪ ಪಟ್ಟಿ ಇತ್ತು. ಅದನ್ನು ಬೋಲ್ಟುಗಳಿಂದ ಬಿಗಿದಿದ್ದರು. ಇಂಜಿನ್ನೂ ಗೇರಿನ ಪೆಟ್ಟಿಗೆಯೂ ಒಂದೇ ಎರಕವಾಗಿದ್ದರಿಂದ, ಆ ಪಟ್ಟಿಯನ್ನು ಬಿಚ್ಚದೆ ಇಂಜಿನ್ ಇಳಿಯುತ್ತಿರಲಿಲ್ಲ, ಏರುತ್ತಲೂ ಇರಲಿಲ್ಲ. ಹುಡುಗರು ಸರಪಳಿ ತರಲು ಹೋದಾಗ ಅವರೊಬ್ಬರೇ ಬಿಚ್ಚಿದರು, ಪಟ್ಟಿ ಕೈಯಲ್ಲೇ ಪುಡಿಯಾಯಿತು. ಬೋಲ್ಟುಗಳನ್ನು ಅವರು ತಮ್ಮ ಡಬ್ಬಿಗೆ ಹಾಕಿಕೊಂಡರು. ಅದು ಬಿಚ್ಚುವ ಪಟ್ಟಿಯೆಂದು ತಿಳಿದವರು ಇನ್ನು ಅವರೊಬ್ಬರೇ.

ಶ್ರಾವಣದಲ್ಲಿ ಒಂದು ದಿನ ಬಂಡೆಪ್ಪನವರು ಗೋಡೆಯ ಮೇಲಿಂದ ನೋಡಿದರು. ಉತ್ತಮರ ಹುಡುಗರು ಹೊಸ ಸಾಗವಾನಿ ಪಟ್ಟಿಯನ್ನು ಕೂರಿಸಿ, ಅಂಟಿನ ಸರಸು ಹಚ್ಚಿ, ಕಟ್ಟಿಗೆಯ ಗೂಟ ಹೊಡೆಯುತ್ತಿದ್ದರು. ಇನ್ನು ಅದು ಬಿಚ್ಚುವಂಥದ್ದಲ್ಲ. ಉತ್ತಮರು ಬೆರಳಿನಿಂದ ಕೂಡಿದ ಜಾಗ ಸವರಿ, “ಇನ್ನ ನೂರು ವರ್ಷ ಅಲುಗಾಡೂದಿಲ್ಲ ನೋಡ್ರಿ,” ಎನ್ನುತ್ತಿದ್ದರು.

ಒಂದು ಮಾತು ಸಾಕಿತ್ತು. ಬಂಡೆಪ್ಪನವರು ಆಡಲಿಲ್ಲ. ಇಂಜಿನ್ ಏರಿಸುವ ದಿನ ಬರಲಿ, ಆ ಬಡಿಗೇರ ಮಾಸ್ತರ ತನ್ನ ಹುಡುಗರ ಮುಂದೆಯೇ ತನ್ನ ಕೆಲಸವನ್ನು ತಾನೇ ಕೊಯ್ಯಲಿ ಎಂದುಕೊಂಡರು. ಬೇಕಾದಷ್ಟು ದಿನಗಳಿವೆ ಎಂದೂ ಎಣಿಸಿದರು.

ದಿನಗಳು ಉಳಿಯಲಿಲ್ಲ. ಉದ್ಯಮಬಾಗದ ಕಾರ್ಖಾನೆಗೆ ಸಿಲಿಂಡರಿನ ಬೋರ್ ಕೊರೆಸಲು ಕೊಟ್ಟ ಇಂಜಿನ್ ಅಲ್ಲೇ ಕುಳಿತುಬಿಟ್ಟಿತು. ನವರಾತ್ರಿಯ ಅಷ್ಟಮಿಯ ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಬಂದು ಇಳಿಯಿತು. ಉತ್ತಮರ ಕೆಲಸ ಮುಗಿದಿದ್ದರಿಂದ ಅವರ ಕಡೆಯ ಆಯುಧಗಳನ್ನು ಆಗಲೇ ತೊಳೆದು, ಎಣ್ಣೆ ಸವರಿ, ಕುಂಕುಮವಿಟ್ಟು ಹೂಡಿದ್ದರು.

ಸರಪಳಿಯಲ್ಲಿ ತೂಗಿಬಿಟ್ಟ ಇಂಜಿನ್ ಹೋಗಿ ಪಟ್ಟಿಗೆ ತಾಗಿ ನಿಂತಿತು. ಹುಡುಗರು ಓರೆ ಮಾಡಿದರು, ಹಿಂದೆ ಎಳೆದರು. ಒಳಗೆ ಕೂರಲಿಲ್ಲ.

“ಈರಣ್ಣ, ಆ ಪಟ್ಟಿ ತಗೀಬೇಕು ಅಂತ ಬಡಿಗೇರ ಮಾಸ್ತರಿಗೆ ಹೇಳು.”

 ಗೋಡೆಯಾಚೆಯಿಂದ ಉತ್ತಮರ ದನಿ ಮೆಲ್ಲಗೆ ಬಂತು. “ಇದು ಅವರಿಗೆ ಯಾವಾಗ ಗೊತ್ತಾತು ಅಂತ ಕೇಳು.”

ಈರಣ್ಣ ತನ್ನ ಮಾಸ್ತರರ ಮುಖ ನೋಡಿದ. ಎಲ್ಲರೂ ನೋಡಿದರು. ಈಗಷ್ಟೇ ಎಂದರೆ ನಂಬುತ್ತಿದ್ದರು. ಆದರೆ ಬಂಡೆಪ್ಪನವರ ಬಾಯಿಗೆ ಸುಳ್ಳಿನ ರೂಢಿ ಇರಲಿಲ್ಲ.

“ಮೊದಲಿಂದ ಗೊತ್ತಿತ್ತು.”

ಉತ್ತಮರು ಗೋಡೆಯ ಹತ್ತಿರ ಬಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನೇರ ಮಾತನಾಡಿದರು. “ನನ್ನ ಮ್ಯಾಲಿನ ಸಿಟ್ಟು ನನಗ ತೀರಿಸಬೇಕಾಗಿತ್ತು. ಈ ಹುಡುಗೂರು ನಿಮಗ ಏನ್ ಮಾಡಿದ್ರು?”

“ಕರಗಸಾ ಕೊಡ್ರಿ, ಈಗ ಹುಡುಗೂರು ತಗೀಲಿ,” ಎಂದರು ಬಂಡೆಪ್ಪನವರು.

“ಹೂಡಿದ ಆಯುಧಾ ಮುಟ್ಟಬಾರದು ಅಂತ ಸಾಲಿ ತುಂಬ ಡಂಗುರಾ ಹೊಡಿಸಿದವ ನಾ ಅಲ್ರಿ. ನನ್ನ ಕೈಲೆ ನಾ ಎತ್ತಿ ಕೊಡೂದಿಲ್ಲ.” ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಈರಣ್ಣ ಪೇಟೆಯ ಬಡಿಗರಲ್ಲೆಲ್ಲ ಸುತ್ತಿ ಬಂದ. ಹಬ್ಬದಲ್ಲಿ ಕರಗಸ ಕೊಡುವವರು ಯಾರಿದ್ದಾರೆ? ಇಂಜಿನ್ ವಿಭಾಗದ ಆಯುಧಗಳನ್ನು ಇನ್ನೂ ಹೂಡಿರಲಿಲ್ಲ, ಆದರೆ ಅಲ್ಲಿದ್ದ ಕಬ್ಬಿಣ ಕೊಯ್ಯುವ ಸಣ್ಣ ಬ್ಲೇಡು ಆ ದಪ್ಪ ಕಟ್ಟಿಗೆಯಲ್ಲಿ ಸಿಕ್ಕು ಮುರಿಯಿತು.

ನವಮಿಯ ಬೆಳಿಗ್ಗೆ ಖಾನಾಪುರದ ಮನೆಯಲ್ಲಿ ಬಂಡೆಪ್ಪನವರು ಪೂಜೆಗೆ ಕುಳಿತರೂ ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ. ಹೆಂಡತಿ ಗೌರವ್ವನಿಗೆ ಎಲ್ಲವನ್ನೂ ಹೇಳಿ, “ಎತ್ತಿದ್ರ ದೇವರಿಗೆ ತಪ್ಪತೀನಿ, ಎತ್ತಲಿಲ್ಲಂದ್ರ ವಿಭಾಗ ಹೋಗತೈತಿ,” ಎಂದರು.

ಗೌರವ್ವ ರೊಟ್ಟಿ ಕಟ್ಟುತ್ತ ಅಂದಳು: “ದೇವರಿಗೆ ತಪ್ಪಿದ್ದು ಈಗಲ್ರಿ, ಶ್ರಾವಣದಾಗ. ದಿನಾ ವಿಭೂತಿ ಹಚಗೊಂಡು ಹೋಗಿ, ಆ ಹುಡುಗೂರು ಗೂಟಾ ಹೊಡಿಯೂದನ್ನ ನೋಡಕೋತ ಸುಮ್ಮ ನಿಂತ್ರೆಲ್ಲ, ಅದ್ಯಾವ ಪೂಜಿ?”

ಅವರು ರೊಟ್ಟಿಯ ಗಂಟು ತೆಗೆದುಕೊಂಡು ರೈಲಿಗೆ ಹೋದರು.

ಶೆಡ್ಡಿನಲ್ಲಿ ಎರಡೂ ಕಡೆಯ ಹುಡುಗರು ಸೇರಿದ್ದರು. ಉತ್ತಮರು ಗೋಡೆಗೆ ಒರಗಿ ನಿಂತಿದ್ದರು. ಬಂಡೆಪ್ಪನವರು ಚಪ್ಪಲಿ ಬಿಟ್ಟು ಅವರ ವಿಭಾಗಕ್ಕೆ ಹೋದರು. ಹೂಡಿದ ಆಯುಧಗಳಿಗೆ ಹಣೆ ಹಚ್ಚಿ, ಹೂವು ಸರಿಸಿ, ಕರಗಸವನ್ನು ಎತ್ತಿದರು. ಯಾರೂ ತಡೆಯಲಿಲ್ಲ, ಯಾರೂ ನೆರವಿಗೂ ಬರಲಿಲ್ಲ.

ಕಟ್ಟಿಗೆ ಅವರ ಕೈಯ ಕೆಲಸವಲ್ಲ. ಕರಗಸ ಒಮ್ಮೆ ಜಾರಿತು, ಒಮ್ಮೆ ಸಿಕ್ಕಿತು, ಓರೆಯಾಗಿ ಇಳಿಯಿತು.

“ಈರಣ್ಣ,” ಎಂದರು ಉತ್ತಮರು, “ಅದು ಕರಗಸಾ, ಬೋಲ್ಟ ಬಿಚ್ಚೂ ಪಾನಾ ಅಲ್ಲ ಅಂತ ಹೇಳು ನಿಮ್ಮ ಮಾಸ್ತರಿಗೆ. ತಿರುವಿದ್ರ ಕೊಯ್ಯೂದಿಲ್ಲ.”

ಹೊಟ್ಟು ತಲೆಯವರು ನಕ್ಕರು. ಕರಿ ಕೈಯವರಲ್ಲೂ ಇಬ್ಬರು ನಕ್ಕರು. ಬಂಡೆಪ್ಪನವರು ತಲೆ ಎತ್ತದೆ ಕೊಯ್ದರು. ಪಟ್ಟಿಯನ್ನು ಕೂಡಿಸಿದ್ದ ಹುಡುಗ ಉಳವಪ್ಪ ನಗಲಿಲ್ಲ. ಎರಡನೆಯ ತುದಿ ಕಡಿದು ಬಿದ್ದಾಗ ಅವನು ಎದ್ದು ಹೊರಗೆ ಹೋದ.

ಇಂಜಿನ್ ಒಳಗೆ ಕೂತಿತು. ಸಂಜೆಗೆ ಹೊಗೆ ಕಾರಿ ಶುರುವಾಯಿತು. ಕೊಯ್ದ ಪಟ್ಟಿಯನ್ನೇ ಕಬ್ಬಿಣದ ತುಂಡುಗಳ ಆಸರೆಯಿಂದ, ಡಬ್ಬಿಯಲ್ಲಿದ್ದ ಹಳೆಯ ಬೋಲ್ಟುಗಳಲ್ಲಿ ಬಿಗಿದರು. ದಸರೆಯ ದಿನ ಸೋನಾಬಾಯಿ ಹಿಂದೆ ಕುಳಿತು ಹಿಂದವಾಡಿಯಿಂದ ಹೊರಟು ಬನ್ನಿ ಕೊಟ್ಟು ಬಂದರು. ಇಳಿಯುತ್ತ, “ಗಾಡಿ ನಿಮ್ಮದು,” ಎಂದರು. ವಿಭಾಗ ಉಳಿಯಿತು.

ಶಾಲೆಯ ಅಂಗಳದಲ್ಲಿ ಹುಡುಗರು ಮಾಸ್ತರರಿಗೆಲ್ಲ ಬನ್ನಿ ಕೊಟ್ಟು ಕಾಲು ಮುಟ್ಟಿದರು. ಉಳವಪ್ಪ ಬಂಡೆಪ್ಪನವರನ್ನು ದಾಟಿಕೊಂಡು ಹೋದ. ಅವರೇ ಕರೆದು ಎಲೆ ಚಾಚಿದರು. ಹಬ್ಬದ ದಿನ ಒಲ್ಲೆನ್ನಬಾರದೆಂದು ಅವನು ತೆಗೆದುಕೊಂಡ, ಆದರೆ ತಿರುಗಿ ಕೊಡಲಿಲ್ಲ.

ಮುಂದೆ ಉತ್ತಮರಿಗೆ ಹೊಸ ಪಟ್ಟಿ ಹಾಕುವಂತೆ ಹೆಡ್‌ಮಾಸ್ತರರು ಎರಡು ಸಲ ಹೇಳಿದರು. “ಇರಲಿ ಬಿಡ್ರಿ, ನೋಡೋರು ನೋಡಲಿ,” ಎಂದು ಅವರು ಮುಟ್ಟಲಿಲ್ಲ. ಪ್ರತಿ ವರ್ಷ ಹೊಸ ತರಗತಿಗೆ ಕಾರನ್ನು ಬಿಚ್ಚಿ ತೋರಿಸುವಾಗ ಯಾರಾದರೊಬ್ಬ ಹುಡುಗ, “ಇಷ್ಟು ಸೊಟ್ಟಗ ಯಾರ್ ಕೊಯ್ದಾರ್ರಿ ಸರ್?” ಎಂದು ಕೇಳಿಯೇ ಕೇಳುತ್ತಿದ್ದ. ಗೋಡೆಯಾಚೆ ಉತ್ತಮರು ಕಟ್ಟಿಗೆ ಹೆರೆಯುವ ರಂದದ ಸದ್ದು ನಿಲ್ಲುತ್ತಿತ್ತು.

“ನಾ ಕೊಯ್ದಿದ್ದು,” ಎನ್ನುತ್ತಿದ್ದರು ಬಂಡೆಪ್ಪನವರು. “ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಅದಕ್ಕ ಕೊಯ್ಯೂ ಪಾಳಿ ಬಂತು. ಹೂಂ, ಪಾನಾ ತಗೋರಿ.”

ರಂದದ ಸದ್ದು ಮತ್ತೆ ಶುರುವಾಗುತ್ತಿತ್ತು. ಎಂಬತ್ತೇಳರಲ್ಲಿ ನಿವೃತ್ತರಾಗುವವರೆಗೂ ಬಂಡೆಪ್ಪನವರು ಈ ಮಾತನ್ನು ಒಂದು ವರ್ಷವೂ ತಪ್ಪಿಸಲಿಲ್ಲ.