ಬಳ್ಳಾರಿಯವರು ಒಲ್ಲೆ ಅನ್ನಲಿಲ್ಲ

ಬಳ್ಳಾರಿಯ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸೂ ನನ್ನ ಗಂಡನ ಕೆಲಸವನ್ನು ಒಲ್ಲೆ ಅನ್ನಲಿಲ್ಲ. ನನ್ನ ಗಂಡನೂ ಅವರನ್ನು ಬೇಡ ಅನ್ನಲಿಲ್ಲ. ಇಬ್ಬರ ನಡುವೆ ನಿಂತು ಇಬ್ಬರಿಗೂ ಸುಳ್ಳು ಹೇಳಿದವಳು ನಾನು. ಆ ಸುಳ್ಳಿನಿಂದ ಅವರ ಕಾರ್ಖಾನೆ ತಪ್ಪು ಊರಿಗೆ ಹೋಯಿತು, ಅಲ್ಲೇ ಮುಚ್ಚಿಹೋಯಿತು. ಅವರು ಈಗ ಇಲ್ಲ. ಊರು ಆರಿಸಲು ಬಾರದ ಮನುಷ್ಯ ಎಂಬ ಹೆಸರು ಮಾತ್ರ ಉಳಿದಿದೆ. ಆ ಹೆಸರು ಅವರದಲ್ಲ — ನನ್ನದು.

ನಾನು ಹೆಚ್ಚು ಓದಿದವಳಲ್ಲ. ಹತ್ತನೇ ತರಗತಿಗೇ ಶಾಲೆ ಬಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯಲು ಮಾತ್ರ ಬರುತ್ತದೆ.

ನನ್ನ ಗಂಡ ರಾಂಬಾಬು ವಿಜಯವಾಡದವರು. ಅಲ್ಲಿನ ಬಟ್ಟೆ ಮಾರ್ಕೆಟ್ಟಿನಲ್ಲಿ ಮಕ್ಕಳ ಜೀನ್ಸ್ ಪ್ಯಾಂಟುಗಳ ಸಗಟು ಅಂಗಡಿ ಇಟ್ಟಿದ್ದರು. ಮಾಲು ಕೊಳ್ಳಲು ಬಳ್ಳಾರಿಗೆ ಬರುತ್ತಿದ್ದರು, ಬಂದು ಬಂದು ಕನ್ನಡ ಕಲಿತಿದ್ದರು. ನನ್ನ ಸೋದರಮಾವನಿಗೆ ಬಳ್ಳಾರಿಯಲ್ಲಿ ಬಟ್ಟೆ ಕತ್ತರಿಸುವ ಒಂದು ಶೆಡ್ಡು ಇತ್ತು. ಅಲ್ಲಿಯ ಪರಿಚಯದಿಂದಲೇ ನಮ್ಮ ಮದುವೆ ಆಯಿತು. ಶೆಡ್ಡಿನ ಮಾಲೀಕರ ಸೋದರಸೊಸೆ ಎಂದು ನನ್ನನ್ನು ತೋರಿಸಿದರು. ನಾನು ಶಾಲೆ ಬಿಟ್ಟಾಗಿನಿಂದ ಓಣಿಯ ಹೆಂಗಸರ ಜೊತೆ ಕೂತು ಕೂಲಿಗೆ ಪ್ಯಾಂಟು ಹೊಲಿದವಳು ಎಂಬುದನ್ನು ಹೇಳಲಿಲ್ಲ. ಗಂಡಿನ ಮನೆಯವರು ದೊಡ್ಡವರು, ಹೇಳಬೇಡಿ ಎಂದು ಮಾವ ಓಣಿಗೆಲ್ಲ ಹೇಳಿಟ್ಟಿದ್ದ. ಓಣಿ ನನ್ನ ಮೇಲಿನ ಪ್ರೀತಿಗೆ ಬಾಯಿ ಮುಚ್ಚಿಕೊಂಡಿತು. ನನ್ನ ಅತ್ತೆ ಅಂಗಡಿಗೆ ಬರುವ ಟೈಲರುಗಳಿಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಆ ಲೋಟ ನೋಡಿದ ಮೇಲೆ ನಾನೂ ಬಾಯಿ ಮುಚ್ಚಿಕೊಂಡೆ.

ಮಗ ಕಿರಣ್ ಹೈಸ್ಕೂಲಿಗೆ ಸೇರಿದ ಕಾಲಕ್ಕೆ ಇವರಿಗೆ ಸ್ವಂತ ಕಾರ್ಖಾನೆ ಹಾಕುವ ಆಸೆ ಬಂತು. ಎಲ್ಲಿ ಹಾಕುವುದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

"ನೋಡು ಶಾರದಾ, ಬಳ್ಳಾರಿ ಅಂದ್ರೆ ಎರಡು ಬಾಗ್ಲಿರೋ ಮನೆ," ಅನ್ನುತ್ತಿದ್ದರು. "ಇಟು ಆಂಧ್ರ, ಅಟು ಕರ್ನಾಟಕ. ಸಂಕ್ರಾಂತಿಗೆ ನಮ್ಮೋರು ಬಟ್ಟೆ ತಗೋತಾರೆ, ದಸರಾಕ್ಕೆ ನಿಮ್ಮೋರು. ಒಂದ್ ಬಾಗ್ಲು ಮುಚ್ಚಿದ್ರೆ ಇನ್ನೊಂದು ತೆಗ್ದಿರ್ತದೆ. ಬೈಗುಳಾನೂ ಎರಡು ಭಾಷೇಲಿ ಸಿಗ್ತವೆ, ಇನ್ನೇನ್ ಬೇಕು?"

ಹಾಸ್ಯ ಮಾಡುತ್ತಿದ್ದರೂ ಅವರು ಸರಿಯಾಗಿಯೇ ಯೋಚಿಸಿದ್ದರು. ಗಡಿಯ ಊರಿಗೆ ಎರಡೂ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಕೆಲಸದವರು ಬರುತ್ತಾರೆ. ಗುಂತಕಲ್ಲಿನ ಕಡೆಯಿಂದ ಬಂದ ವ್ಯಾಪಾರಿ ತೆಲುಗಿನಲ್ಲಿ ಚೌಕಾಸಿ ಮಾಡಿದರೆ ಹೊಲಿಯುವವಳು ತೆಲುಗಿನಲ್ಲೇ ಉತ್ತರ ಕೊಡುತ್ತಾಳೆ. ಜಿಪ್ಪು, ಗುಂಡಿ, ದಾರ ಒಂದು ಬೀದಿ ದಾಟಿದರೆ ಸಿಗುತ್ತವೆ. ಬಟ್ಟೆ ತೊಳೆದು ಬಣ್ಣ ಇಳಿಸುವ ವಾಷಿಂಗ್ ಘಟಕಗಳು ಊರಲ್ಲೇ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆಯಲ್ಲೂ ಮಿಷನ್ ಇದೆ, ಅದರ ಮೇಲೆ ಪಳಗಿದ ಕೈ ಇದೆ. ಕಟ್ಟಡ ಎಲ್ಲಿ ಬೇಕಾದರೂ ಕಟ್ಟಬಹುದು, ಇಂಥ ಓಣಿಯನ್ನು ಕಟ್ಟಲಾಗುವುದಿಲ್ಲ — ಇದು ಅವರದೇ ಮಾತು.

"ನೀನು ಹೋಗಿ, ಓಣಿಯೋರು ಮನೇಲೇ ನಮ್ಗೆ ಹೊಲ್ದು ಕೊಡ್ತಾರಾ ಅಂತ ಈರಮ್ಮಕ್ಕನ್ನ ಕೇಳ್ಕೊಂಡ್ ಬಾ. ಅವರು ಹೂಂ ಅಂದ್ರೆ ಓಣಿ ಹೂಂ ಅಂದಂಗೆ," ಎಂದು ನನ್ನನ್ನು ರೈಲು ಹತ್ತಿಸಿದರು.

ಈರಮ್ಮಕ್ಕ ನಮ್ಮ ಎದುರು ಮನೆಯವಳು. ನನಗೆ ಹೊಲಿಗೆ ಕಲಿಸಿದವಳು. ನಾನು ಹೇಳಿ ಮುಗಿಸುವ ಮೊದಲೇ ಅವಳು ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಏ ಬರ್ರೇ ಇಲ್ಲಿ! ನಮ್ ಶಾರದಿ ಮಾಲೀಕಳಾಗ್ಯಾಳ, ಸೊಕ್ಕು ಬಂದೈತೇನು ನೋಡ್ರಿ!"

ಎಲ್ಲರೂ ಬಂದರು, ನಕ್ಕರು, ಒಪ್ಪಿದರು. ಮುಂದಿನ ಕೋಣೆ ಖಾಲಿ ಮಾಡಿ ಇನ್ನೆರಡು ಮಿಷನ್ ಹಾಕಿಸುತ್ತೇನೆ ಎಂದು ಈರಮ್ಮಕ್ಕ ಆಗಲೇ ಜಾಗ ಅಳೆದಳು. ಆಮೇಲೆ ಅಂದಳು —

"ಮೊದಲ್ನೇ ಪ್ಯಾಂಟು ಮಾತ್ರ ರೂಢಿ ಪ್ರಕಾರ ಆಗ್ಬೇಕವ್ವ. ಯಾರ್ನ್ಯಾರ್ನ ಕರ್ಕೊಂಡ್ ಬರ್ತೀಯೋ ಬಾ. ನಿಮ್ ಅತ್ತೀನೂ ನೋಡ್ಲಿ."

ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಹೊಸ ಮಾಲೀಕರ ಕೆಲಸ ಹಿಡಿಯುವ ಮೊದಲು ಮಿಷನ್ನಿಗೆ ಪೂಜೆ ಮಾಡಿ, ಮೊದಲ ಪ್ಯಾಂಟನ್ನು ಮಾಲೀಕರ ಮನೆಯ ಹೆಂಗಸಿನ ಕೈಯಲ್ಲಿ ಹೊಲಿಸುತ್ತಿದ್ದರು. ಹೊಲಿಗೆ ಬಾರದ ಮಾಲೀಕರ ಹೆಂಡತಿಯರು ಸೊಟ್ಟಪಟ್ಟ ಹೊಲಿಯುವುದು, ಓಣಿಯವರು ನಗುವುದು, ಆಮೇಲೆ ಊಟ. ನಮ್ಮ ಕೆಲಸ ಎಷ್ಟು ಕಷ್ಟ ಎಂದು ಮಾಲೀಕರ ಮನೆಗೆ ಒಮ್ಮೆ ಗೊತ್ತಾಗಲಿ ಎಂಬುದು ಅದರ ಅರ್ಥ ಇರಬೇಕು. ಆದರೆ ನಾನು ಕೂತರೆ ಸೊಟ್ಟ ಬರುತ್ತಿರಲಿಲ್ಲ. ಬೇಕೆಂದು ಸೊಟ್ಟ ಹೊಲಿದರೆ ಓಣಿ ಸುಮ್ಮನಿರುತ್ತಿರಲಿಲ್ಲ — ಇದೇನೇ ಶಾರದಿ, ಕೈ ಮರೆತೆಯಾ ಎಂದು ಅತ್ತೆಯ ಮುಂದೆಯೇ ಕೇಳುತ್ತಿದ್ದರು.

"ಅಕ್ಕ, ಅವ್ರಿಗೆ ನಾನು ಹೊಲೀತಿದ್ದೆ ಅಂತ ಇನ್ನೂ..."

"ಇನ್ನೂ ಹೇಳಿಲ್ಲೇನು? ಕಳ್ಳತನ ಮಾಡೀಯೇನಲೇ, ಬಟ್ಟೆ ಹೊಲ್ದೀಯ. ಈಗರ ಹೇಳು."

ಹೂಂ ಎಂದು ಬಂದೆ. ರೈಲಿನಲ್ಲಿ ಉದ್ದಕ್ಕೂ ಆ ಲೋಟವನ್ನೇ ನೆನೆದೆ. ಹೇಳಬೇಕೆಂದೇ ಅಂದುಕೊಂಡಿದ್ದೆ — ವಿಜಯವಾಡದ ಪ್ಲಾಟ್‌ಫಾರಂ ಮೇಲೆ ಅವರು ನಗುತ್ತಾ ನಿಂತಿದ್ದನ್ನು ನೋಡುವವರೆಗೂ.

"ಏಮನ್ನಾರು ಮೀವಾಳ್ಳು?" ಎಂದರು. ನಿಮ್ಮವರು ಏನಂದರು?

"ಒಲ್ಲೆ ಅಂದ್ರು. ಇರೋ ಕೆಲಸಾನೇ ಜಾಸ್ತಿಯಂತೆ. ಹೊರಗಿನ ಮಾಲೀಕರು ಬೇಡವಂತೆ."

"ಈರಮ್ಮಕ್ಕನೂನಾ?"

"ಅವಳೇ ಮೊದಲು."

ಅಷ್ಟೇ. ನನ್ನ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತವಳ ಮೇಲೆ ಆ ಎರಡು ಶಬ್ದ ಹೊರಿಸಿದೆ. ಇವರು ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದರು. ಕೆಲವು ದಿನ ಬಿಟ್ಟು ಈರಮ್ಮಕ್ಕನಿಗೆ ಫೋನು ಮಾಡಿ, "ಅವರ ಮನಸ್ಸು ಬದಲಾಯ್ತು ಅಕ್ಕ, ಮನೇಲಿ ಕೂತು ಹೊಲಿಯೋರು ಬೇಡವಂತೆ," ಎಂದೆ. ಎರಡನೆಯ ಸುಳ್ಳಿಗೆ ಮೊದಲನೆಯದರಷ್ಟು ಬಾಯಿ ಒಣಗಲಿಲ್ಲ.

ಆಮೇಲೆ ಇವರು ಬಳ್ಳಾರಿಗೆ ಹೋಗುವುದನ್ನೇ ನಿಲ್ಲಿಸಿದರು. ಕೋಪದಿಂದಲ್ಲ, ಬೇಡ ಅಂದವರ ಮುಖ ನೋಡುವ ಮುಜುಗರದಿಂದ. ಸ್ನೇಹಿತರೊಬ್ಬರು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಶೆಡ್ಡು ಕೊಡುತ್ತೇನೆ ಎಂದರು. ಬಂದರು ಹತ್ತಿರ, ಮುಂದೊಂದು ದಿನ ಹೊರದೇಶಕ್ಕೂ ಕಳಿಸಬಹುದು ಎಂದು ಇವರು ತಮಗೆ ತಾವೇ ಹೇಳಿಕೊಂಡರು. ನನಗೂ ಹೇಳಿದರು. ನಾನು "ಒಳ್ಳೆಯದೇ ಅಲ್ವಾ" ಎಂದೆ.

ವಿಜಯವಾಡದ ಅಂಗಡಿ ಮುಚ್ಚಿ ವಿಶಾಖಪಟ್ಟಣಕ್ಕೆ ಬಂದೆವು. ಇದು ಕೆಟ್ಟ ಊರಲ್ಲ. ನಾನು ಈಗಲೂ ಇಲ್ಲೇ ಇದ್ದೇನೆ, ಇಲ್ಲಿಯ ಜನ ನನಗೆ ಅನ್ನ ಕೊಟ್ಟಿದ್ದಾರೆ. ಹಡಗು, ಉಕ್ಕು, ಔಷಧಿ — ದೊಡ್ಡ ಕೆಲಸಗಳ ಊರು ಇದು. ಸಣ್ಣ ಪ್ಯಾಂಟಿಗೆ ಬೇಕಾದ ಸಣ್ಣ ಸಣ್ಣ ಕಸುಬಿನ ಕೈಗಳು ಮಾತ್ರ ನಮ್ಮ ಶೆಡ್ಡಿನ ಸುತ್ತ ಇರಲಿಲ್ಲ. ಜಿಪ್ಪು ಮುಗಿದರೆ ಪಾರ್ಸೆಲ್ಲಿಗೆ ಕಾಯಬೇಕು. ಮಿಷನ್ ಕೆಟ್ಟರೆ ಮೆಕ್ಯಾನಿಕ್ಕಿಗೆ ಕಾಯಬೇಕು. ಹೊಲಿದ ಮಾಲನ್ನು ತೊಳೆಸಲು ಲಾರಿಯಲ್ಲಿ ದೂರ ಕಳಿಸಬೇಕು. ಅದು ವಾಪಸು ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತಿತ್ತು.

ಇದೆಲ್ಲ ಹೇಗೋ ನಡೆಯುತ್ತಿತ್ತೋ ಏನೋ. ಆದರೆ ಇನ್ನೊಂದಿದೆ. ಅದನ್ನು ಬರೆಯಲು ಪೆನ್ನು ಹಿಡಿದು ಬಿಟ್ಟು ಮಾಡುತ್ತಿದ್ದೇನೆ.

ಶೆಡ್ಡಿಗೆ ಸೇರಿದ ಹುಡುಗಿಯರು ರವಿಕೆ, ಚೂಡಿದಾರ ಹೊಲಿದವರು. ದಪ್ಪ ಜೀನ್ಸ್ ಬಟ್ಟೆ ಅವರ ಕೈಗೆ ಹೊಸದು. ಮುಂಭಾಗದ ಜಿಪ್ಪು ಕೂರಿಸುವಲ್ಲಿ ಎಲ್ಲರೂ ಸೋಲುತ್ತಿದ್ದರು. ಪಟ್ಟಿ ಸುಕ್ಕಾಗುತ್ತಿತ್ತು, ಸೂಜಿ ಮುರಿಯುತ್ತಿತ್ತು. ಕಲಿಸಲು ಕರೆಸಿದ ಮಾಸ್ಟರು ವಾರ ತುಂಬುವುದರೊಳಗೆ ಬಿಟ್ಟುಹೋದ. ಒಂದು ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಹೋದಾಗ ಇವರೇ ಒಂದು ಮಿಷನ್ ಮುಂದೆ ಕೂತಿದ್ದರು. ಯಾರದೋ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಜಿಪ್ಪು ಹೊಲಿಯಲು ಹೆಣಗುತ್ತಿದ್ದರು. ಬೆರಳಿಗೆ ಸೂಜಿ ತಾಗಿ ಬಟ್ಟೆಯ ಮೇಲೆ ರಕ್ತ ಬಿದ್ದಿತ್ತು. ಹುಡುಗಿಯರು ಸುತ್ತ ನಿಂತು ನಗು ತಡೆಯುತ್ತಿದ್ದರು.

ನನ್ನನ್ನು ನೋಡಿ ಅವರೂ ನಕ್ಕರು. "ಬಳ್ಳಾರಿ ಹುಡುಗೀನ ಮದುವೆಯಾಗಿ ಏನ್ ಲಾಭ ಹೇಳು! ಒಂದು ಜಿಪ್ಪು ಹೊಲಿಯೋಕೆ ಬರಲ್ಲ!"

ನನಗೆ ಬರುತ್ತಿತ್ತು. ಎಡಗಡೆಯ ಪಟ್ಟಿಯನ್ನು ಮೊದಲು ಉಗುರಿನಿಂದ ಮಡಿಸಿ ಕೂರಿಸಬೇಕು, ಆಮೇಲೆ ಜಿಪ್ಪು. ಅವರು ತಿರುಗಾಮುರುಗಾ ಮಾಡುತ್ತಿದ್ದರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ಅದನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿ ನಿಂತೆ. ಆಗ ಕೂತಿದ್ದರೆ ಆ ಸಂಜೆಯೊಳಗೆ ಎಲ್ಲ ಹುಡುಗಿಯರಿಗೂ ಕಲಿಸಬಹುದಿತ್ತು. ಅತ್ತೆ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಹೆದರಲು ಯಾರೂ ಉಳಿದಿರಲಿಲ್ಲ. ಆದರೆ ಕೂತರೆ ಕೇಳುತ್ತಾರೆ — ಇಷ್ಟು ದಿನ ಯಾಕೆ ಹೇಳಲಿಲ್ಲ? ಅದರ ಹಿಂದೆಯೇ ಬಳ್ಳಾರಿಯ ಮಾತೂ ಬರುತ್ತದೆ. ಅದಕ್ಕೆ —

"ಊಟ ಆರುತ್ತೆ, ಏಳಿ," ಎಂದೆ.

ಮುಂದಿನ ವರ್ಷ ಶೆಡ್ಡು ಮುಚ್ಚಿತು. ಅವರು ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದರು. ಬೇರೆಯವರ ಸರಕು ಹಡಗಿಗೆ ಹೋಗುವುದನ್ನು ನೋಡಿಕೊಳ್ಳುವ ಕೆಲಸ. ಬಳ್ಳಾರಿಯವರನ್ನು ಒಮ್ಮೆಯೂ ಬೈಯಲಿಲ್ಲ. "ಪಾಪ, ಅವರಿಗೇನು ತೊಂದರೆ ಇತ್ತೋ," ಅನ್ನುತ್ತಿದ್ದರು. ಈ ವರ್ಷ ಬೇಸಿಗೆಯಲ್ಲಿ ಹೃದಯಾಘಾತವಾಗಿ ಹೋದರು.

ಸುದ್ದಿ ತಿಳಿದು ಈರಮ್ಮಕ್ಕ ಅಷ್ಟು ದೂರದಿಂದ ಬಂದಳು. ಹನ್ನೊಂದನೆಯ ದಿನದ ಊಟಕ್ಕೆ ನಾನು ಬಡಿಸುತ್ತಿದ್ದೆ. ಅವಳು ಕಿರಣನ ಪಕ್ಕ ಕೂತು ಅವನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅವನಿಗೆ ಅಮ್ಮನ ಕನ್ನಡ ಅರ್ಥವಾಗುತ್ತದೆ, ಮಾತು ಬರುವುದು ತೆಲುಗೇ. ನಡುವೆ ನನ್ನ ಕಡೆ ತಿರುಗಿ ಅವಳು ಕನ್ನಡದಲ್ಲಿ ಅಂದಳು:

"ಒಳ್ಳೆ ಮನುಷ್ಯನೇ. ಆದ್ರ ನಮ್ ಕೈ ಮ್ಯಾಲೆ ನಂಬ್ಕಿ ಇಡ್ಲಿಲ್ಲ ನೋಡವ್ವ. ಅದೊಂದು ನನ್ ಮನಸ್ನಾಗ ಉಳೀತು."

ಕಿರಣ್ ತಲೆ ಎತ್ತದೆ ಹೇಳಿದ: "ನಾನ್ನಕಿ ಊರು ಎಂಚುಕೋವಡಂ ರಾಲೇದು, ಪೆದ್ದಮ್ಮಾ." ಅಪ್ಪನಿಗೆ ಊರು ಆರಿಸಲು ಬರಲಿಲ್ಲ, ದೊಡ್ಡಮ್ಮ.

ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ — ಅವರನ್ನು ತಪ್ಪು ತಿಳಿದ ಇಬ್ಬರೂ ಎದುರಿಗೇ ಇದ್ದರು, ಅವರ ಫೋಟೋದ ಮುಂದೆಯೇ. ನಾನು ಈರಮ್ಮಕ್ಕನ ಎಲೆಗೆ ಸಾರು ಬಡಿಸಿ ಮುಂದಿನ ಎಲೆಗೆ ಹೋದೆ. ಬದುಕಿದ್ದಾಗ ಹೇಳಿದ ಸುಳ್ಳಿಗೆ ಹೆದರಿಕೆಯಾದರೂ ಇತ್ತು. ಸತ್ತ ಮೇಲೆ ಸುಮ್ಮನಿದ್ದುದಕ್ಕೆ ಯಾವ ಕಾರಣವೂ ಇಲ್ಲ.

ನಿನ್ನೆ ಈರಮ್ಮಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ —

"ಇಷ್ಟ್ ವರ್ಷ ಆತನ್ನ ಬೈದೆನಲ್ಲೇ. ಎಲೆ ಮುಂದ ಕುಂತೂ ಬೈದೆ."

"ಅಕ್ಕ..."

"ಮಗಂಗೆ ಹೇಳೀಯೇನು?"

"ಇಲ್ಲ."

"ಹೇಳಿ ಆಮ್ಯಾಕ ನನ್ ಜತಿ ಮಾತಾಡು," ಎಂದು ಫೋನು ಇಟ್ಟಳು.

ಅದಕ್ಕೇ ಬರೆಯಲು ಕೂತೆ. ಬರೆದರೆ ಹೇಳಿದಂತೆಯೇ ಆಗುತ್ತದೆ, ಇದನ್ನು ಅವನ ಮೇಜಿನ ಮೇಲೆ ಇಟ್ಟುಬಿಟ್ಟರೆ ಸಾಕು ಅಂದುಕೊಂಡೆ. ಮುಗಿಸುತ್ತಾ ಬಂದ ಮೇಲೆ ಹೊಳೆಯಿತು — ಕಿರಣನಿಗೆ ಕನ್ನಡ ಓದಲು ಬರುವುದಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಈ ಅಕ್ಷರಗಳಲ್ಲೇ ಬರೆದೆ.

ಅವನು ಈಗ ಪಕ್ಕದ ಕೋಣೆಯಲ್ಲಿ ಆಫೀಸಿಗೆ ಹೊರಡಲು ಅಂಗಿ ಇಸ್ತ್ರಿ ಮಾಡುತ್ತಿದ್ದಾನೆ. ತೆಲುಗಿನಲ್ಲಿ ಹೇಗೆ ಆರಂಭಿಸಬೇಕೋ ತಿಳಿಯುತ್ತಿಲ್ಲ. ಆದರೂ ಪೆನ್ನು ಕೆಳಗಿಟ್ಟು ಏಳುತ್ತಿದ್ದೇನೆ.